ಮನೆಯೊಳಗೆ ಕಚೇರಿ, ಹಿತ್ತಲಿನಲ್ಲಿ ಪಾಠ

ಮನೆಯಿಂದಲೇ ಕೆಲಸ ಮಾಡುವವರಿಗೆ ನಾಯಿಮರಿ ಸಾಕುವುದು ಬಲು ಸುಲಭ ಎಂಬ ಮಾತನ್ನು, ಕೆಂಚಿ ನಮ್ಮ ಮನೆಗೆ ಬಂದಾಗಿನಿಂದ ಹಲವರ ಬಾಯಲ್ಲಿ ಕೇಳಿದ್ದೇನೆ. ಇಡೀ ದಿನ ಮನೆಯಲ್ಲೇ ಇರುತ್ತೀರಲ್ಲ, ಇನ್ನೇನು ಕಷ್ಟ ಎಂಬುದು ಅವರ ತರ್ಕ. ಅದರಲ್ಲಿ ಅರ್ಧದಷ್ಟು ಮಾತ್ರ ನಿಜವಿದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣನ್ನು ಪರದೆಯ ಮೇಲೆ ನೆಟ್ಟು, ಬೆಂಗಳೂರಿನಲ್ಲಿ ಕುಳಿತವರೊಂದಿಗೆ ಮಾತನಾಡುತ್ತಿರುವವನಿಗೆ ಎರಡು ಮಾರು ದೂರದಲ್ಲಿ ಮರಿಯೊಂದು ನೆಲ ಮೂಸುತ್ತಾ ಸುತ್ತು ಹಾಕುತ್ತಿರುವುದು ಕಾಣುವುದೂ ಇಲ್ಲ, ಅದರ ಉಗುರಿನ ಸಪ್ಪಳ ಕೇಳುವುದೂ ಇಲ್ಲ. ಮನೆಯಲ್ಲಿರುವುದು ಬೇರೆ, ಮರಿಯ ಮೇಲೆ ಗಮನವಿರುವುದು ಬೇರೆ. ಶೌಚದ ಅಭ್ಯಾಸ ಮಾಡಿಸುವಾಗ ಲೆಕ್ಕಕ್ಕೆ ಬರುವುದು ಎರಡನೆಯದು.

ಕೆಂಚಿ ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಕಾರ್ಮಿಕರ ಲೈನ್ ಮನೆಗಳ ಬಳಿ ಹುಟ್ಟಿದ ನಾಟಿ ಮರಿ. ಎರಡು ತಿಂಗಳು ತುಂಬಿದ ಮೇಲೆ, ಆರಿದ್ರಾ ಮಳೆ ಹಿಡಿದ ಹೊತ್ತಿನಲ್ಲಿ, ಚಿಕ್ಕಮಗಳೂರು ಪಟ್ಟಣದ ಅಂಚಿನಲ್ಲಿರುವ ನಮ್ಮ ಮನೆಗೆ ಬಂದಿತು. ನಮ್ಮ ಕಡೆ ನಾಯಿ ಸಾಕದ ತೋಟದ ಮನೆ ಇಲ್ಲವೆನ್ನಬಹುದು, ಆದರೆ ನಾಯಿಗೆ ಇಂಥ ಪಾಠ ಹೇಳಿಕೊಟ್ಟ ಮನೆ ಹುಡುಕಿದರೂ ಸಿಗುವುದು ಕಷ್ಟ. ಹಗಲು ಗೂಡಿನಲ್ಲೋ ಸರಪಳಿಯಲ್ಲೋ ಇದ್ದು, ರಾತ್ರಿ ತೋಟ ಕಾಯಲು ಬಿಡುಗಡೆಯಾಗುವ ಆ ನಾಯಿಗಳಿಗೆ ಜಗುಲಿಯ ಮೆಟ್ಟಿಲೇ ಗಡಿ. "ನಮ್ಮ ಕಾಲದಲ್ಲಿ ನಾಯಿಗೆ ಇದನ್ನೆಲ್ಲ ಯಾರಪ್ಪಾ ಹೇಳಿಕೊಡ್ತಿದ್ರು? ತಾನಾಗೇ ಕಲೀತಿತ್ತು" ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಒಳಗೆ ಬರುವ ಹಕ್ಕೇ ಇಲ್ಲದ ಪ್ರಾಣಿಗೆ ಒಳಗಿನ ಶಿಸ್ತಿನ ಅಗತ್ಯವೂ ಇರಲಿಲ್ಲ. ಈಗ ನಾವು ಅದನ್ನು ಒಳಗೆ ಕರೆದಿದ್ದೇವೆ. ಆದ್ದರಿಂದ ಕಲಿಸುವ ಹೊಣೆಯೂ ನಮ್ಮದೇ.

ಮೊದಲು ತಿಳಿಯಬೇಕಾದದ್ದು ಮರಿಯ ದೇಹದ ಮಿತಿ. ಎರಡು ತಿಂಗಳ ಮರಿ ಸುಮಾರು ಎರಡು ಗಂಟೆ, ಮೂರು ತಿಂಗಳದ್ದು ಮೂರು ಗಂಟೆ ಮೂತ್ರ ತಡೆಯಬಲ್ಲದು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅದು ಸುಮ್ಮನೆ ಮಲಗಿರುವ ಮರಿಗೆ ಹೊಂದುವ ಲೆಕ್ಕವೇ ಹೊರತು, ಓಡಾಡಿ ಆಡುತ್ತಿರುವ ಮರಿಗೆ ಅರ್ಧ ಗಂಟೆಯೂ ಹೆಚ್ಚಾಗಬಹುದು. ನಾಲ್ಕು ತಿಂಗಳ ಆಸುಪಾಸಿಗೆ ಹತೋಟಿ ಬರತೊಡಗುತ್ತದೆ. ಅದಕ್ಕೆ ಮುಂಚೆ ಅದು ನೆಲದ ಮೇಲೆ ಮಾಡುವುದರಲ್ಲಿ ಹಟವಾಗಲಿ ಸೇಡಾಗಲಿ ಇಲ್ಲ. ಇಷ್ಟರ ಜೊತೆಗೆ, ಯಾವ ಘಳಿಗೆಯಲ್ಲಿ ಅವಸರವಾಗುತ್ತದೆ ಎಂಬುದನ್ನು ಮರಿಯ ದಿನಚರಿಯೇ ಹೇಳಿಬಿಡುತ್ತದೆ: ನಿದ್ದೆಯಿಂದ ಎದ್ದ ಕೂಡಲೇ, ಆಟದ ನಡುವೆ ಮತ್ತು ಆಟ ಮುಗಿದ ಮೇಲೆ, ಹೊಟ್ಟೆಗೆ ಆಹಾರ ಬಿದ್ದ ಐದು ನಿಮಿಷದಿಂದ ಅರ್ಧ ಗಂಟೆಯ ಒಳಗೆ. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಚಲಿಸತೊಡಗುವುದು ದೇಹದ ಸಹಜ ಪ್ರತಿಕ್ರಿಯೆ. ಮರಿಗಳಲ್ಲಿ ಅದು ಬಹಳ ಚುರುಕು.

ಮನೆಯಿಂದ ಕೆಲಸ ಮಾಡುವವನಿಗೆ ನಿಜವಾಗಿ ಒದಗಿ ಬರುವುದು ಇನ್ನೊಂದು ಸಂಗತಿ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ. ಹಾಗಾಗಿ ಸಭೆಗಳನ್ನು ಅದರ ಎಚ್ಚರದ ಹೊತ್ತಿಗೆ ಸಿಕ್ಕಿಸದೆ ನಿದ್ದೆಯ ಹೊತ್ತಿಗೆ ಹೊಂದಿಸಿಕೊಳ್ಳುವುದೇ ಇಡೀ ವಿದ್ಯೆಯ ತಿರುಳು. ನಮ್ಮ ತಂಡದ ಸಭೆ ಬೆಳಿಗ್ಗೆ ಹತ್ತಕ್ಕೆ. ಎಂಟೂವರೆಗೆ ಕೆಂಚಿಯ ತಟ್ಟೆ ಇಡುವುದು, ಕಾಲು ಗಂಟೆಯಲ್ಲಿ ತಿಂದಷ್ಟು ತಿನ್ನಲು ಬಿಟ್ಟು ತಟ್ಟೆ ಎತ್ತಿಬಿಡುವುದು, ತಕ್ಷಣ ಹಿತ್ತಲಿಗೆ ಕರೆದೊಯ್ಯುವುದು, ಬಳಿಕ ಚೆನ್ನಾಗಿ ಆಡಿಸುವುದು, ಸಭೆಗೆ ಮುಂಚೆ ಮತ್ತೊಮ್ಮೆ ಹೊರಗೆ ಹೋಗಿ ಬರುವುದು. ಹತ್ತು ಗಂಟೆಯ ಹೊತ್ತಿಗೆ ಅದು ನನ್ನ ಕುರ್ಚಿಯ ಪಕ್ಕದ ಗೂಡಿನಲ್ಲಿ ಗಾಢ ನಿದ್ದೆಯಲ್ಲಿರುತ್ತದೆ. ತಟ್ಟೆಯನ್ನು ದಿನವಿಡೀ ನೆಲದಲ್ಲೇ ಬಿಟ್ಟರೆ ಈ ಲೆಕ್ಕವೆಲ್ಲ ಕುಸಿಯುತ್ತದೆ, ಏಕೆಂದರೆ ಒಳಗೆ ಹೋದ ಸಮಯ ತಿಳಿಯದಿದ್ದರೆ ಹೊರಗೆ ಬರುವ ಸಮಯವನ್ನು ಊಹಿಸುವುದು ಹೇಗೆ? ನೀರಿಗೆ ಮಾತ್ರ ಇಂಥ ನಿರ್ಬಂಧ ಸಲ್ಲದು. ರಾತ್ರಿ ಮಲಗುವ ಒಂದೆರಡು ಗಂಟೆ ಮುಂಚೆ ಬಟ್ಟಲು ಎತ್ತಿಡುವುದನ್ನು ಬಿಟ್ಟರೆ, ದಿನವಿಡೀ ನೀರು ಸಿಗುವಂತಿರಬೇಕು.

ಸಭೆ ಒಂದು ಗಂಟೆಯ ಮೇಲೆ ಎಳೆದರೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. "ನಿನ್ನ ಮೀಟಿಂಗ್ ಮುಗಿಯೋ ಅಷ್ಟರಲ್ಲಿ ಅದರ ಮೀಟಿಂಗ್ ಮುಗಿದಿರುತ್ತೆ ನೋಡು" ಎಂಬುದು ಅಮ್ಮನ ಟೀಕೆ. ಎರಡು ನಿಮಿಷ ಎದ್ದು ಬರುತ್ತೇನೆ ಎಂದು ತಂಡಕ್ಕೆ ನೇರವಾಗಿ ಹೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಮಗುವಿರುವ ಸಹೋದ್ಯೋಗಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುವುದು ಇನ್ನೊಂದು ಉಪಾಯ. ಮರಿ ಕುಂಯ್‌ಗುಟ್ಟಿದರೆ ಕೇಳುತ್ತದೆ ಎಂಬುದಷ್ಟೇ ಇದರ ಪ್ರಯೋಜನವಲ್ಲ. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಸದ್ದಿಲ್ಲದಾದದ್ದೂ ಆ ಇನ್ನೊಂದು ಕಿವಿಗೆ ತಿಳಿಯುತ್ತದೆ, ಮತ್ತು ಕೋಣೆಯಲ್ಲಿ ಏನೋ ನಡೆಯುತ್ತಿದೆ ಎಂಬುದಕ್ಕೆ ಮೌನಕ್ಕಿಂತ ದೊಡ್ಡ ಸುಳಿವಿಲ್ಲ.

ಕಣ್ಣು ಇಡಲಾಗದ ಹೊತ್ತಿನಲ್ಲಿ ಮರಿಗೆ ಜಾಗ ಕಡಿಮೆ ಕೊಡಬೇಕು. ತಾನು ಮಲಗುವ ಜಾಗವನ್ನು ಗಲೀಜು ಮಾಡದಿರುವುದು ನಾಯಿಯ ಹುಟ್ಟುಗುಣ. ಗೂಡು ಕೆಲಸ ಮಾಡುವುದು ಆ ಗುಣದ ಬಲದಿಂದಲೇ. ಅದು ಮರಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟಿದ್ದರೆ ಸಾಕು. ಬೆಳೆದ ಮೇಲೂ ಆಗಲಿ ಎಂದು ದೊಡ್ಡದನ್ನೇ ತಂದರೆ, ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಶೌಚಕ್ಕೆ ಬಳಸುವ ಜಾಣತನ ಮರಿಗಿದೆ. ಅಂಥ ಗೂಡಿಗೆ ನಡುವೆ ಒಂದು ಹಲಗೆ ಅಡ್ಡ ಇಡಬೇಕಾಗುತ್ತದೆ. ಗೂಡು ಶಿಕ್ಷೆಯ ಕೋಣೆಯಾಗಬಾರದು, ದಿನವಿಡೀ ಕೂಡಿಹಾಕುವ ಪೆಟ್ಟಿಗೆಯೂ ಆಗಬಾರದು. ಮರಿ ಎಚ್ಚರವಿರುವಾಗ ನಾನು ಅದರ ಕೊರಳಪಟ್ಟಿಗೆ ಹಾಕಿದ ಹಗುರವಾದ ಹಗ್ಗವೊಂದನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೆ. ಹಗ್ಗ ಬಿಗಿಯಾದರೆ ಮರಿ ಎತ್ತಲೋ ಹೊರಟಿದೆ ಎಂದರ್ಥ. ಅಡುಗೆಮನೆ ಮತ್ತು ದೇವರ ಕೋಣೆಯ ಬಾಗಿಲಿಗೆ ಹಲಗೆ ಅಡ್ಡವಿಟ್ಟಿದ್ದೆವು; ಒಂದು ಕೋಣೆಯಲ್ಲಿ ಕೆಲವು ವಾರ ತಪ್ಪದೆ ನಡೆದ ಮೇಲೆಯೇ ಮುಂದಿನ ಕೋಣೆಯ ಬಾಗಿಲು ತೆರೆಯಿತು. ದೇವರ ಕೋಣೆಯದು ಇನ್ನೂ ತೆರೆದಿಲ್ಲ, ತೆರೆಯುವ ಲಕ್ಷಣವೂ ಇಲ್ಲ.

ಜಾಗ ಆರಿಸುವಾಗ ನಮ್ಮ ಮನೆಯಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ. ಮುಂದಿನ ಅಂಗಳದಲ್ಲಿ ತುಳಸಿಕಟ್ಟೆಯಿದೆ, ಬೆಳಿಗ್ಗೆ ರಂಗೋಲಿ ಬೀಳುತ್ತದೆ; ಆದ್ದರಿಂದ ಹಿತ್ತಲೇ ಗತಿ. ಅಲ್ಲಿಯೂ ಎಲ್ಲೆಂದರಲ್ಲಿ ಬಿಡದೆ, ಹಲಸಿನ ಮರದ ಬುಡದ ಒಂದೇ ಮೂಲೆಗೆ ಪ್ರತಿ ಸಲವೂ ಕರೆದೊಯ್ಯಬೇಕು, ಏಕೆಂದರೆ ಹಿಂದಿನ ವಾಸನೆಯೇ ಮುಂದಿನ ಸಲಕ್ಕೆ ಕರೆಯೋಲೆ. ಮರಿಗಳು 8–9 ವಾರಗಳ ಆಸುಪಾಸಿನಲ್ಲಿ ತಮ್ಮ ಕಾಲಡಿ ಯಾವ ಬಗೆಯ ನೆಲವಿದ್ದಾಗ ಶೌಚ ಮಾಡಬೇಕೆಂಬ ಒಲವನ್ನು ಬೆಳೆಸಿಕೊಳ್ಳುತ್ತವೆ. ತೋಟದ ಮಣ್ಣು, ತರಗೆಲೆಗಳ ಮೇಲೆ ಬೆಳೆದ ಕೆಂಚಿಗೆ ಈ ವಿಷಯದಲ್ಲಿ ಅರ್ಧ ಪಾಠ ಆಗಲೇ ಆಗಿತ್ತು. ಊರಲ್ಲಿ ಹಲವರು ಮಾಡುವಂತೆ ಹಳೆಯ ದಿನಪತ್ರಿಕೆ ಹಾಸಿ ಶುರುಮಾಡುವುದನ್ನು ನಾನು ಬೇಡವೆಂದದ್ದು ಇದೇ ಕಾರಣಕ್ಕೆ. ಮಹಡಿಯ ಮನೆಯಲ್ಲಿರುವವರಿಗೆ ಬೇರೆ ದಾರಿಯಿಲ್ಲದಿರಬಹುದು. ಆದರೆ ಕಾಗದದ ಮೇಲೆ ಮಾಡುವುದೇ ಸರಿ ಎಂದು ಒಮ್ಮೆ ಕಲಿತ ಮರಿಗೆ, ನೆಲದ ಮೇಲೆ ಪತ್ರಿಕೆ ಹರಡಿಕೊಂಡು ಓದುವ ಅಪ್ಪನಂಥವರ ಓದಿನ ಬಗ್ಗೆ ಗೌರವವಿರುವುದಿಲ್ಲ.

ಬೀದಿಗೆ ಕರೆದೊಯ್ಯದಿರುವುದಕ್ಕೆ ಬೇರೊಂದು ಕಾರಣವಿದೆ. ಪಾರ್ವೋ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ 6–8 ವಾರಗಳಲ್ಲಿ ಶುರುವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ 16 ವಾರಗಳವರೆಗೆ ಮುಂದುವರಿಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಲಸಿಕೆ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗಕ್ಕಿಂತ ಸ್ವಂತ ಹಿತ್ತಲೇ ಮೇಲು.

ಇನ್ನು ಮಳೆ. ಮಲೆನಾಡಿನ ಮಳೆಗಾಲವನ್ನು ಬಿಟ್ಟು ಈ ವಿಷಯ ಬರೆದರೆ ನಮ್ಮ ಕಡೆಯವರು ನಗುತ್ತಾರೆ. ಆರಿದ್ರಾ ಮುಗಿದು ಪುನರ್ವಸು ಹಿಡಿದ ಮೇಲೆ ಮಳೆ ಬಿಡುವ ಹೊತ್ತಿಗೆ ಕಾಯುವುದು ವ್ಯರ್ಥ. ಮರಿಯಂತೂ ಹೊಸ್ತಿಲಲ್ಲಿ ನಿಂತು ಒಂದು ಕಾಲನ್ನು ಹೊರಗಿಟ್ಟು, ಒದ್ದೆಯಾದದ್ದೇ ಒಳಗೆ ಎಳೆದುಕೊಳ್ಳುತ್ತದೆ. ಒತ್ತಾಯದಿಂದ ಹೊರಗೆ ನಿಲ್ಲಿಸಿದರೆ ಅದು ಚಳಿಗೆ ಮುದುಡಿ ನಿಂತು, ಒಳಗೆ ಬಂದ ಮೇಲೆ ನೆಮ್ಮದಿಯಾಗಿ ಕೆಲಸ ಮುಗಿಸುತ್ತದೆ. ನಾವು ಹಿತ್ತಲ ಸೂರಿಗೆ ತಾರ್ಪಾಲು ಎಳೆದು ಕಟ್ಟಿ, ಅದರಡಿ ಹಲಸಿನ ಬುಡದ ಮಣ್ಣನ್ನೂ ತರಗೆಲೆಯನ್ನೂ ತಂದು ಹರಡಿದೆವು. ಜಾಗ ಹೊಸದು, ಆದರೆ ಕಾಲಿಗೆ ತಾಗುವ ನೆಲವೂ ಮೂಗಿಗೆ ಬರುವ ವಾಸನೆಯೂ ಹಳೆಯವು. ಕೆಂಚಿ ತಕರಾರಿಲ್ಲದೆ ಒಪ್ಪಿಕೊಂಡಿತು. ಒಳಗೆ ಬಂದ ಮೇಲೆ ಬೆರಳ ಸಂದಿಯಲ್ಲಿ ಇಂಬಳ, ಕಿವಿಯ ಹಿಂದೆ ಉಣ್ಣೆ ಇವೆಯೇ ಎಂದು ನೋಡುವುದು ಈ ಕಾಲದಲ್ಲಿ ಪಾಠದ ಭಾಗವೇ ಆಗಿರುತ್ತದೆ. ರಾತ್ರಿಯ ಸರದಿಯಲ್ಲಿ ಟಾರ್ಚು ಮತ್ತು ಹಗ್ಗ ಎರಡೂ ಇಲ್ಲದೆ ಹೊರಡಬಾರದು. ಹಿತ್ತಲಿಗೆ ತೋಟ ತಾಗಿಕೊಂಡಿದ್ದರೆ ಕೊಳಕುಮಂಡಲದ ಭಯ ಇದ್ದದ್ದೇ, ನಾಯಿಯನ್ನು ಹುಡುಕಿಕೊಂಡು ಬರುವ ಚಿರತೆಯ ಭಯವೂ ಉಂಟು. ಆ ಹೊತ್ತಿನಲ್ಲಿ ಮಾತು, ಮುದ್ದು, ಆಟ ಯಾವುದೂ ಬೇಡ. ರಾತ್ರಿ ಎಬ್ಬಿಸಿದರೆ ಆಟ ಸಿಗುತ್ತದೆ ಎಂದು ಮರಿ ತಿಳಿದರೆ ಮನೆಯವರ ನಿದ್ದೆಗೆ ಸಂಚಕಾರ.

ಸರಿಯಾದ ಜಾಗದಲ್ಲಿ ಮಾಡಿದಾಗ ಮೆಚ್ಚುಗೆಯನ್ನು ಒಂದೆರಡು ಸೆಕೆಂಡುಗಳೊಳಗೆ, ಅಲ್ಲೇ ನಿಂತು ತಿಳಿಸಬೇಕು. ಒಳಗೆ ಬಂದು ಡಬ್ಬಿ ತೆರೆದು ತಿಂಡಿ ಕೊಟ್ಟರೆ, ಬಾಗಿಲು ದಾಟಿ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದು ಮರಿ ತಿಳಿಯುತ್ತದೆ. ಆದ್ದರಿಂದ ಬೇಯಿಸಿದ ಮೊಟ್ಟೆಯ ಚೂರುಗಳು ಜೇಬಿನಲ್ಲೇ ಇರಬೇಕು. ಮನೆಯಿಂದ ಕೆಲಸ ಮಾಡುವವರು ವಿಶೇಷವಾಗಿ ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಮರಿ ಕೆಲಸ ಮುಗಿಸಿದ ಕ್ಷಣವೇ ಸಭೆಯ ನೆನಪಾಗಿ ಎತ್ತಿಕೊಂಡು ಒಳಗೆ ಓಡಿದರೆ, ಮೂತ್ರ ಮಾಡಿದ ಕೂಡಲೇ ಹೊರಗಿನ ಸುಖ ಮುಗಿಯುತ್ತದೆ ಎಂಬ ಪಾಠವನ್ನು ಅದು ಕಲಿಯುತ್ತದೆ, ಮುಂದಿನ ಸಲ ಬೇಕೆಂದೇ ತಡೆದು ನಿಲ್ಲುತ್ತದೆ. ಮುಗಿದ ಮೇಲೆ ಎರಡು ಮೂರು ನಿಮಿಷ ಅಲ್ಲೇ ಸುತ್ತಾಡಿಸುವುದು ಒಟ್ಟಿನಲ್ಲಿ ಸಮಯವನ್ನು ಉಳಿಸುತ್ತದೆ.

ಒಳಗೆ ಆಗಿಹೋದಾಗ ಮೂತಿಯನ್ನು ಅದರಲ್ಲಿ ಉಜ್ಜಿ ಎರಡು ಬಿಗಿಯಬೇಕೆಂಬ ಸಲಹೆ ನಮ್ಮ ಬೀದಿಯಲ್ಲಿ ಇಂದಿಗೂ ಧಾರಾಳವಾಗಿ ಸಿಗುತ್ತದೆ. ಇದು ಕ್ರೂರ ಮಾತ್ರವಲ್ಲ, ನಿಷ್ಪ್ರಯೋಜಕ. ಕೆಲವು ನಿಮಿಷಗಳ ಹಿಂದಿನ ಕೆಲಸಕ್ಕೂ ಈಗಿನ ಏಟಿಗೂ ನಂಟು ಹಾಕುವ ಶಕ್ತಿ ಮರಿಗಿಲ್ಲ; ಅದಕ್ಕೆ ಅರ್ಥವಾಗುವುದು, ಈ ಮನುಷ್ಯನ ಎದುರು ಮೂತ್ರ ಮಾಡುವುದು ಅಪಾಯ ಎಂಬುದಷ್ಟೇ. ಆಮೇಲೆ ಅದು ಮಂಚದಡಿ, ಬೀರುವಿನ ಹಿಂದೆ ಜಾಗ ಹುಡುಕುತ್ತದೆ, ಹಿತ್ತಲಿನಲ್ಲಿ ನಿಮ್ಮ ಮುಂದೆ ಮಾಡಲೂ ಹಿಂಜರಿಯುತ್ತದೆ. ಮಾಡುತ್ತಿರುವಾಗಲೇ ಕಣ್ಣಿಗೆ ಬಿದ್ದರೆ ಮೆಲ್ಲಗೆ ಕೈತಟ್ಟಿ, ಎತ್ತಿಕೊಂಡು ಹೊರಗೆ ಒಯ್ಯಬೇಕು. ಆಗಿಹೋದ ಮೇಲೆ ಕಂಡರೆ ಬಟ್ಟೆ ತಂದು ಒರೆಸಬೇಕು. ಅತಿಥಿಗಳು ಬಂದಾಗ ಬಾಲ ಆಡಿಸುತ್ತಾ, ಬಗ್ಗಿಕೊಂಡು ನಾಲ್ಕು ಹನಿ ಸುರಿಸುವುದಂತೂ ಶೌಚವೇ ಅಲ್ಲ; ಅದು ಮರಿಯ ವಿನಯ, ಬೆಳೆದಂತೆ ಬಹುಪಾಲು ತಾನಾಗಿ ನಿಲ್ಲುತ್ತದೆ. ಆದರೆ ಕಲಿತ ಮರಿ ಪದೇಪದೇ ಸ್ವಲ್ಪ ಸ್ವಲ್ಪವೇ ಮಾಡತೊಡಗಿದರೆ ಅದು ಮೂತ್ರನಾಳದ ಸೋಂಕಿರಬಹುದು, ಹೆಣ್ಣು ಮರಿಗಳಲ್ಲಿ ಇದು ಹೆಚ್ಚು. ಅದಕ್ಕೆ ಪಶು ವೈದ್ಯರೇ ಬೇಕು. ಪ್ರೀತಿಯಿಂದ ಕೊಟ್ಟ ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ, ಭೇದಿಯಾದ ಮರಿಗೆ ಯಾವ ವೇಳಾಪಟ್ಟಿಯೂ ಅನ್ವಯಿಸುವುದಿಲ್ಲ.

ಒರೆಸುವುದರಲ್ಲಿಯೂ ಕ್ರಮವಿದೆ. ನಮ್ಮ ಮೂಗಿಗೆ ಹೋದಂತೆ ಕಂಡ ವಾಸನೆ ನಾಯಿಯ ಮೂಗಿಗೆ ಹೋಗಿರುವುದಿಲ್ಲ. ಫಿನೈಲ್ ಸುರಿದರೆ ಮನೆ ಆಸ್ಪತ್ರೆಯಂತೆ ನಾರುತ್ತದೆಯೇ ಹೊರತು ಅಡಿಯ ವಾಸನೆ ಉಳಿದೇ ಇರುತ್ತದೆ, ಮರಿ ನೆಕ್ಕಿದರೆ ಅದು ವಿಷ ಕೂಡ. ಬ್ಲೀಚಿಂಗ್ ಪೌಡರ್ ಮೂತ್ರದ ಅಮೋನಿಯಾದೊಂದಿಗೆ ಸೇರಿದರೆ ಉಸಿರಿಗೆ ಕೆಟ್ಟದಾದ ಅನಿಲ ಏಳುತ್ತದೆ. ವಿನೆಗರ್ ಬೆರೆಸಿದ ನೀರು ಟೈಲ್ಸ್‌ಗೆ ಆದೀತು, ಆದರೆ ನಮ್ಮ ಹಳೆಯ ಮನೆಗಳ ಕೆಂಪು ಗಾರೆಯ ನೆಲಕ್ಕೆ ಹುಳಿ ತಾಗಿದರೆ ಹೊಳಪು ಹೋಗಿ ಕಲೆ ಬೀಳುತ್ತದೆ. ಒಣ ಬಟ್ಟೆಯಿಂದ ಮೊದಲು ಪೂರ್ತಿ ಹೀರಿಸಿ, ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎಂಜೈಮ್ ದ್ರಾವಣ ಹಾಕಿ ಕಾಲು ಗಂಟೆ ಬಿಟ್ಟು ಒರೆಸುವುದು ಸೂಕ್ತ, ಏಕೆಂದರೆ ಅದು ವಾಸನೆಯನ್ನು ಮುಚ್ಚದೆ ವಾಸನೆಯ ಮೂಲವನ್ನೇ ಒಡೆಯುತ್ತದೆ. ಹೀರಿಸಿದ ಬಟ್ಟೆಯನ್ನು ಹಲಸಿನ ಬುಡದಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಅದಕ್ಕೂ ಒಂದು ಉಪಯೋಗ.

ದಿನವಿಡೀ ಜೊತೆಗಿರುವವರ ಮನೆಯ ಮರಿಗೆ ಒಂಟಿಯಾಗಿರುವ ಅಭ್ಯಾಸ ತಪ್ಪಿಹೋಗುವ ಅಪಾಯವೂ ಇದೆ. ನಾಳೆ ಕಚೇರಿಯಿಂದ ಕರೆ ಬಂದು ನಾನು ಎರಡು ದಿನ ಬೆಂಗಳೂರಿಗೆ ಹೋದಾಗ ಅದು ಹೊಸ್ತಿಲಲ್ಲಿ ಮೂತ್ರ ಮಾಡಿದರೆ, ಪಾಠ ಮರೆತಿದೆ ಎಂದು ಬೈಯುವಂತಿಲ್ಲ, ಅದು ಗಾಬರಿ. ಆದ್ದರಿಂದ ಕೆಲಸದ ನಡುವೆ ಎದ್ದು, ಏನೂ ಹೇಳದೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಮೊದಮೊದಲು ಕೆಲವು ನಿಮಿಷ, ಬರಬರುತ್ತಾ ಹೆಚ್ಚು ಹೊತ್ತು ಇದ್ದು ಬರುತ್ತಿದ್ದೇನೆ.

ದೀಪಾವಳಿಗೆ ಹಾಸನದ ಅಕ್ಕನ ಮನೆಗೆ ಹೋಗಬೇಕಿದೆ. ನಾಯಿ ಕಲಿತದ್ದು ಕಲಿತ ಮನೆಗಷ್ಟೇ ಸೀಮಿತ. ಹೊಸ ಮನೆಯ ನೆಲವೂ ಒಳಗೇ ಎಂಬುದನ್ನು ಅದಕ್ಕೆ ಮತ್ತೆ ತಿಳಿಸಿಕೊಡಬೇಕಾಗುತ್ತದೆ. ಅಕ್ಕನಿಗೆ ಆಗಲೇ ಹೇಳಿಟ್ಟಿದ್ದೇನೆ: ಕಾರಿನಿಂದ ಇಳಿದವನು ಕಾಫಿ ಕುಡಿಯಲು ಕೂರುವ ಮುಂಚೆ ಕೆಂಚಿಯನ್ನು ಹಿತ್ತಲಿಗೆ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಹಾಲ್‌ನ ಜಮಖಾನೆಯನ್ನು ಸುತ್ತಿ ಎತ್ತಿಟ್ಟಿರು.