ಕ್ರಿಯಾಪದಕ್ಕೂ ಪ್ರಿಪೊಸಿಷನ್‌ಗೂ ನಡುವಿನ ಸಂದು: ಕಾರ್ಡ್ ಕೆಲಸ ಎಲ್ಲಿಗೆ ಬಂತು

ಇಂಗ್ಲಿಷ್ ವಾಕ್ಯದಲ್ಲಿ ಆಡ್ವರ್ಬ್ ಎಲ್ಲಿ ಕೂರುತ್ತದೆ ಅಂತ ತೋರಿಸಲು ನಾನು ಮಾಡುತ್ತಿರುವ ಕಾರ್ಡ್‌ಗಳಿಗೆ ಮೂರನೇ ಬಣ್ಣ ಸೇರಿಸಿದ್ದಾಯ್ತು. ಬಿಳಿ ಕಾರ್ಡ್ ಮೇಲೆ ಪಾಸ್ಟ್ ಟೆನ್ಸ್ ಕ್ರಿಯಾಪದ, ನೀಲಿ ಮೇಲೆ ‘ಟು’, ‘ಎಟ್’ ತರಹದ ಪ್ರಿಪೊಸಿಷನ್, ಈಗ ಹಳದಿ ಮೇಲೆ ‘ಸ್ಲೋಲಿ’ ತರಹದ ಆಡ್ವರ್ಬ್. ನಾಮಪದಗಳಿಗೆ ಹಳೆ ಲಗ್ನಪತ್ರಿಕೆಗಳ ಹಿಂಬದಿ ಸಾಕು. ಚಾಪೆ ಮೇಲೆ ವಾಕ್ಯ ಜೋಡಿಸುವುದು, ಹಳದಿ ಕಾರ್ಡನ್ನು ಒಂದೊಂದೇ ಜಾಗಕ್ಕೆ ಸರಿಸಿ ನೋಡುವುದು. ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಅಂತ ಬರೆದಿಟ್ಟುಕೊಳ್ಳುವುದು.

ಯಾಕೆ ಈ ಕೆಲಸ ಅಂದರೆ, ಧಾರವಾಡದ ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವವರಲ್ಲಿ ಕನ್ನಡ ಮೀಡಿಯಂನವರು ತುಂಬ ಜನ. ಸಂಜೆ ಕೆಲವರು ನಮ್ಮ ಮನೆಗೆ ಬಂದು ಕೂರುತ್ತಾರೆ. ಅವರ ಗ್ರಾಮರ್ ಪುಸ್ತಕದಲ್ಲಿ ಟೆನ್ಸ್ ಒಂದು ಪಾಠ, ಆಡ್ವರ್ಬ್ ಇನ್ನೊಂದು, ಪ್ರಿಪೊಸಿಷನ್ ಮತ್ತೊಂದು. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಮೂರೂ ಒಂದೇ ವಾಕ್ಯದಲ್ಲಿ ಬಂದು ನಿಲ್ಲುತ್ತವೆ. ಬಿಡಿಬಿಡಿಯಾಗಿ ಎಲ್ಲ ಗೊತ್ತಿರುವವರು ಅಲ್ಲಿ ತಡವರಿಸುತ್ತಾರೆ. ಅವರ ಬುದ್ಧಿಗೆ ಏನೂ ಕಡಿಮೆಯಿಲ್ಲ, ಮೂರನ್ನೂ ಒಟ್ಟಿಗೆ ಯಾರೂ ಕೂರಿಸಿ ತೋರಿಸಿಲ್ಲ, ಅಷ್ಟೇ.

ಮೊದಲ ವಾಕ್ಯ ಕೆಲಗೇರಿ ಕೆರೆಯದು. ಕನ್ನಡದಲ್ಲಿ ‘ಅವಳು ಮೆಲ್ಲಗೆ ಕೆರೆಯ ಕಡೆಗೆ ನಡೆದಳು’ ಅನ್ನಬಹುದು, ‘ಕೆರೆಯ ಕಡೆಗೆ ಮೆಲ್ಲಗೆ ನಡೆದಳು’ ಅಂತಲೂ ಅನ್ನಬಹುದು. ‘ಕಡೆಗೆ’ ಕೆರೆಯ ಹಿಂದೆ ಅಂಟಿಕೊಂಡಿರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ, ತಂಟೆಯೇ ಇಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದೆ ಬಂದುಬಿಡುತ್ತದೆ, ಪ್ರಿಪೊಸಿಷನ್ ನಾಮಪದದ ಮುಂಚೆ ನಿಲ್ಲುತ್ತದೆ. ಹಾಗಾಗಿ ಎರಡರ ನಡುವೆ ಒಂದು ಸಂದು ಹುಟ್ಟುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಆದ ಮೇಲೆ ಅಂಥ ಜಾಗವೇ ಇಲ್ಲ. ನನ್ನ ಕೆಲಸ ಪೂರ್ತಿ ಆ ಸಂದಿನ ಮೇಲೆ ನಿಂತಿದೆ.

‘ಶಿ ವಾಕ್ಟ್ ಸ್ಲೋಲಿ ಟುವರ್ಡ್ಸ್ ದ ಲೇಕ್’ ಚೆನ್ನಾಗಿ ಕೂರುತ್ತದೆ. ‘ಶಿ ಸ್ಲೋಲಿ ವಾಕ್ಟ್ ಟುವರ್ಡ್ಸ್ ದ ಲೇಕ್’ ಸರಿ. ‘ಸ್ಲೋಲಿ’ಯನ್ನು ಕಟ್ಟಕಡೆಗೆ ಇಟ್ಟರೂ ಸರಿ. ‘ಟುವರ್ಡ್ಸ್ ಸ್ಲೋಲಿ ದ ಲೇಕ್’ ಮಾತ್ರ ಆಗುವುದಿಲ್ಲ, ಪ್ರಿಪೊಸಿಷನ್ ತನ್ನ ನಾಮಪದವನ್ನು ಬಿಟ್ಟುಕೊಡುವುದಿಲ್ಲ.

ಈಗ ಮ್ಯಾಪ್ ನೋಡುವ ವಾಕ್ಯ. ‘ಹಿ ಲುಕ್ಟ್ ಕೇರ್‌ಫುಲಿ ಎಟ್ ದ ಮ್ಯಾಪ್’ ಸರಿ. ‘ಹಿ ಚೆಕ್ಟ್ ಕೇರ್‌ಫುಲಿ ದ ಮ್ಯಾಪ್’ ತಪ್ಪು. ಎರಡೂ ಹೆಚ್ಚುಕಮ್ಮಿ ಒಂದೇ ಕೆಲಸ ಅಲ್ವಾ? ಆದರೆ ‘ಚೆಕ್ಟ್’ ಪಕ್ಕದಲ್ಲಿ ನೇರವಾಗಿ ಕರ್ಮಪದ ಕೂತಿದೆ, ಅವೆರಡರ ಮಧ್ಯೆ ಆಡ್ವರ್ಬ್ ನುಗ್ಗಲು ಇಂಗ್ಲಿಷ್ ಬಿಡುವುದಿಲ್ಲ. ‘ಎಟ್’ ಇದ್ದರೆ ಬಿಡುತ್ತದೆ. ಕರ್ಮಪದ ತೀರಾ ಉದ್ದವಾಗಿ ಒಂದು ಸಾಲಿನಷ್ಟು ಬೆಳೆದಾಗ ಮಾತ್ರ ಸಡಿಲ ಕೊಡುತ್ತದೆ. ಈ ಜೋಡಿ ಕಾರ್ಡ್‌ಗಳನ್ನು ಡಬ್ಬಿಯ ಮೇಲ್ಗಡೆಯೇ ಇಟ್ಟಿದ್ದೇನೆ. ‘ಆಡ್ವರ್ಬ್ ಎಲ್ಲಿ ಬೇಕಾದರೂ ಬರುತ್ತದೆ’ ಅನ್ನುವ ನಂಬಿಕೆ ಕಳಚಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಕಾರ್ಡಿನ ಹಿಂದೆ ಉಚ್ಚಾರವನ್ನು ಕನ್ನಡದಲ್ಲಿ ಬರೆದಿದ್ದೇನೆ, ಇಲ್ಲೂ ಹಾಗೇ ಬರೆಯುತ್ತಿದ್ದೇನೆ. ‘ವಾಕ್ಡ್’ ಅಂತ ಬರೆಯುವ ರೂಢಿ ಇದೆ, ಆದರೆ ಬಾಯಲ್ಲಿ ಬರುವುದು ‘ವಾಕ್ಟ್’. ಕ, ಪ, ಸ ತರಹದ ಸದ್ದಿನ ಮೇಲೆ ‘ಟ್’, ‘ಟರ್ನ್ಡ್’, ‘ಓಪನ್ಡ್’ ತರಹದವುಗಳಲ್ಲಿ ‘ಡ್’, ‘ವೇಟ್’ನಂತೆ ಕೊನೆಯಲ್ಲಿ ಟ ಅಥವಾ ಡ ಇದ್ದರೆ ‘ವೇಟಿಡ್’. ಇದನ್ನು ಸುಮ್ನೆ ಹೇಳುತ್ತಿಲ್ಲ. ‘ವಾಕ್ಟ್ ಟು’ ಅಂತ ಬೇಗ ಹೇಳಿದರೆ ಎರಡು ಟ ಕೂಡಿಕೊಂಡು ‘ವಾಕ್ ಟು’ ಅಂತಲೇ ಕೇಳಿಸುತ್ತದೆ. ಕಿವಿಯಿಂದ ಕಲಿತವರು ಬರೆಯುವಾಗ ಪಾಸ್ಟ್ ಟೆನ್ಸ್ ಬಿಟ್ಟುಬಿಡಲು ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಸಂದಿನಲ್ಲಿ ಒಂದು ಆಡ್ವರ್ಬ್ ಇಟ್ಟು ‘ವಾಕ್ಟ್ ಆಲ್‌ಮೋಸ್ಟ್ ಟು’ ಅಂತ ಹೇಳಿಸಿ ನೋಡಿ. ಅಡಗಿದ್ದ ‘ಟ್’ ಸ್ಪಷ್ಟವಾಗಿ ಹೊರಗೆ ಬರುತ್ತದೆ. ಮೊನ್ನೆ ಇದನ್ನು ಜೋರಾಗಿ ಹೇಳಿಸಿದ ಮೇಲೆ ಒಬ್ಬಳು ತನ್ನ ನೋಟ್‌ಬುಕ್ ತೆಗೆದು ತಾನೇ ಹಿಂದಿನ ಪುಟಗಳನ್ನು ತಿದ್ದಿಕೊಂಡಳು. ನನಗೆ ಬಹಳ ಖುಷಿಯಾಯಿತು.

ತುಂಬ ಹೊತ್ತು ಹಿಡಿದದ್ದು ‘ಅಪ್’. ನೃಪತುಂಗ ಬೆಟ್ಟದ ವಾಕ್ಯ: ‘ವಿ ರ‍್ಯಾನ್ ಕ್ವಿಕ್ಲಿ ಅಪ್ ದ ಹಿಲ್’. ಸರಿ. ಡಿಕ್ಷನರಿಯ ವಾಕ್ಯ: ‘ವಿ ಲುಕ್ಟ್ ಕ್ವಿಕ್ಲಿ ಅಪ್ ದ ವರ್ಡ್’. ಆಗುವುದಿಲ್ಲ. ನೋಡಲು ಎರಡೂ ಒಂದೇ ಅಚ್ಚು. ಆದರೆ ಬೆಟ್ಟದ ‘ಅಪ್’ ಬೆಟ್ಟಕ್ಕೆ ಸೇರಿದ್ದು, ಎಲ್ಲಿಗೆ ಓಡಿದೆವು ಅನ್ನುವುದನ್ನು ಹೇಳುತ್ತದೆ. ಡಿಕ್ಷನರಿಯ ‘ಅಪ್’ ಕ್ರಿಯಾಪದಕ್ಕೇ ಸೇರಿದ್ದು, ‘ಲುಕ್ಟ್ ಅಪ್’ ಸೇರಿ ಒಂದು ಕ್ರಿಯೆ. ‘ಕ್ವಿಕ್ಲಿ ಲುಕ್ಟ್ ಅಪ್ ದ ವರ್ಡ್’ ಅನ್ನಬೇಕು, ಇಲ್ಲವೇ ‘ಲುಕ್ಟ್ ದ ವರ್ಡ್ ಅಪ್ ಕ್ವಿಕ್ಲಿ’. ಅನುಮಾನ ಇದ್ದರೆ ‘ಇಟ್’ ಹಾಕಿ ನೋಡಿ. ‘ಲುಕ್ಟ್ ಇಟ್ ಅಪ್’ ಸರಿ, ‘ಲುಕ್ಟ್ ಅಪ್ ಇಟ್’ ತಪ್ಪು. ಬೆಟ್ಟಕ್ಕೆ ‘ರ‍್ಯಾನ್ ಅಪ್ ಇಟ್’ ಸರಿ. ಅಂದರೆ ಹಳದಿ ಕಾರ್ಡ್ ಮಧ್ಯೆ ಹೊಕ್ಕಿತೋ ಇಲ್ಲವೋ ಅನ್ನುವುದೇ ಆ ಸಣ್ಣ ಪದ ಯಾರ ಮನೆಯದು ಅಂತ ಹೇಳಿಬಿಡುತ್ತದೆ. ಇಂಥ ಜೋಡಿಗಳ ಉದ್ದ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಪರೀಕ್ಷೆ ಕಲಿಸುವುದು ಎಷ್ಟೋ ವಾಸಿ.

ಈ ಜೋಡಿಗಳಿಗೆ ಸ್ಟೇಪಲ್ ಹೊಡೆಯಬೇಕು ಅನ್ನುವ ಸಲಹೆ ಬಂತು. ಹೊಡೆದರೆ ‘ದ ವರ್ಡ್’ ಮಧ್ಯೆ ಬರಲು ಜಾಗ ಇರುವುದಿಲ್ಲ. ಅದಕ್ಕೆ ದಾರ ಕಟ್ಟಿದ್ದೇನೆ, ಕರ್ಮಪದದ ಕಾರ್ಡ್ ಹಿಡಿಯುವಷ್ಟು ಉದ್ದ. ದಾರ ಕಂಡರೆ ಹಳದಿ ಒಳಗೆ ಬರಬಾರದು.

ಆದರೆ ಹಳದಿಯಲ್ಲೇ ಒಂದು ಬೇರೆ ಗುಂಪು ಇದೆ. ‘ಸ್ಟ್ರೈಟ್’, ‘ರೈಟ್’, ‘ಹಾಫ್‌ವೇ’. ಇವು ಬರುವುದೇ ಸಂದಿನೊಳಕ್ಕೆ. ‘ದ ಚಿಗರಿ ವೆಂಟ್ ಸ್ಟ್ರೈಟ್ ಪಾಸ್ಟ್ ಉಣಕಲ್’ (ಚಿಗರಿ ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್, ಉಣಕಲ್ ಆ ದಾರಿಯಲ್ಲಿ ಸಿಗುವ ಜಾಗ). ‘ಸ್ಟ್ರೈಟ್ ವೆಂಟ್ ಪಾಸ್ಟ್’ ಅನ್ನಲು ಬರುವುದಿಲ್ಲ, ನಾವು ಕನ್ನಡದಲ್ಲಿ ‘ಸೀದಾ ಹೋಯಿತು’ ಅನ್ನುವ ಅಭ್ಯಾಸದಲ್ಲಿ ಅದೇ ಮೊದಲು ಬಾಯಿಗೆ ಬರುತ್ತದೆ. ಕಾರಣ, ಇವು ಹೋಗುವ ಬಗೆ ಹೇಳುವುದಿಲ್ಲ, ಪ್ರಿಪೊಸಿಷನ್ನನ್ನೇ ಬಿಗಿ ಮಾಡುತ್ತವೆ. ‘ಶಾರ್ಟ್ಲಿ ಆಫ್ಟರ್ ದ ರೇನ್’, ‘ಲಾಂಗ್ ಬಿಫೋರ್ ದ ಎಕ್ಸಾಮ್’, ‘ಜಸ್ಟ್ ಬಿಹೈಂಡ್ ದ ಕಾಲೇಜ್’ ಇವೂ ಅದೇ ಬಳಗ. ಇವಕ್ಕೆ ಹಳದಿ ಕಾರ್ಡಿನ ಬಲಗಡೆ ನೀಲಿ ಅಂಚು ಎಳೆದಿದ್ದೇನೆ.

‘ಆಲ್‌ಮೋಸ್ಟ್’ ಎರಡೂ ಕಡೆ ಕೂರುತ್ತದೆ, ಅರ್ಥ ಮಾತ್ರ ಬದಲಾಗುತ್ತದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ಸುಮಾರು 20 ಕಿ.ಮೀ. ದಾರಿ. ಧಾರವಾಡದಿಂದ ಹೊರಟವನು ‘ವಾಕ್ಟ್ ಆಲ್‌ಮೋಸ್ಟ್ ಟು ಹುಬ್ಬಳ್ಳಿ’ ಅಂದರೆ ಪಾಪ, ನಡೆದೇ ನಡೆದಿದ್ದಾನೆ, ಊರು ಹತ್ತಿರ ಬರುವವರೆಗೆ. ‘ಆಲ್‌ಮೋಸ್ಟ್ ವಾಕ್ಟ್ ಟು ಹುಬ್ಬಳ್ಳಿ’ ಅಂದರೆ ಮೊದಲು ಹೊಳೆಯುವ ಅರ್ಥ, ನಡೆದೇ ಹೋಗುವವನಿದ್ದ, ಹೋಗಲಿಲ್ಲ. ‘ದ ಸೈಕಲ್ ಆಲ್‌ಮೋಸ್ಟ್ ಫೆಲ್ ಇಂಟು ದ ಡ್ರೇನ್’ ಅಂದಾಗಲೂ ಅಷ್ಟೇ, ಸೈಕಲ್ ಬಿದ್ದಿಲ್ಲ. ಪಾಸ್ಟ್ ಟೆನ್ಸ್ ಕಂಡ ಕೂಡಲೇ ಕೆಲಸ ನಡೆದುಹೋಯಿತು ಅಂತ ಓದಿಕೊಳ್ಳುವ ಹುಡುಗರಿಗೆ ಈ ಕಾರ್ಡ್ ತೋರಿಸಲೇಬೇಕು. ಕಾಂಪ್ರಹೆನ್ಷನ್ ಪ್ರಶ್ನೆಗಳಲ್ಲಿ ಉತ್ತರವನ್ನೇ ತಿರುಗಿಸಿಬಿಡುವ ಪದ ಇದು.

ಸಹಾಯಕ ಕ್ರಿಯಾಪದದ ವಿಷಯ ಬೇಗ ಮುಗಿಯಿತು. ‘ಹ್ಯಾಡ್ ಆಲ್ರೆಡಿ ಲೆಫ್ಟ್’ನಲ್ಲಿ ಆಡ್ವರ್ಬ್ ‘ಹ್ಯಾಡ್’ ಆದ ಮೇಲೆ. ‘ಡಿಡ್ ನಾಟ್ ರಿಯಲಿ ಲುಕ್ ಎಟ್’ನಲ್ಲಿ ಪಾಸ್ಟ್ ‘ಡಿಡ್’ಗೆ ಹೋಗಿಬಿಡುತ್ತದೆ, ‘ಲುಕ್’ ಖಾಲಿ. ‘ನೆವರ್’ಗೆ ‘ಡಿಡ್’ ಬೇಡ, ‘ನೆವರ್ ವೆಂಟ್ ಟು’ ಅಂದರೆ ಮುಗಿಯಿತು.

ಸದ್ಯ ಉಳಿದಿರುವುದು ಎರಡೂ ಮನೆಗೆ ಓಡಾಡುವ ಪದಗಳು: ‘ಆಫ್’, ‘ಡೌನ್’, ‘ಓವರ್’, ‘ಥ್ರೂ’. ‘ಆಫ್’ ಅರ್ಧ ಆಗಿದೆ. ‘ದ ಆಟೊ ಟರ್ನ್ಡ್ ಸಡನ್ಲಿ ಆಫ್ ಪಿ.ಬಿ. ರೋಡ್’ ಸರಿ, ‘ಶಿ ಟರ್ನ್ಡ್ ಸಡನ್ಲಿ ಆಫ್ ದ ಲೈಟ್’ ತಪ್ಪು, ಎರಡನೆಯದಕ್ಕೆ ದಾರ ಕಟ್ಟಿಯಾಯಿತು. ‘ಓವರ್’ಗೆ ನಮ್ಮೂರಿನ ಒಳ್ಳೆಯ ವಾಕ್ಯ ಇನ್ನೂ ಬೇಕು. ಫ್ಲೈಓವರ್ ಬಿಟ್ಟು ಬೇರೆ ಏನಾದರೂ ಹೊಳೆದರೆ ಹೇಳಿ, ಬಿಳಿ ಕಾರ್ಡ್‌ಗಳು ಬೇಕಾದಷ್ಟಿವೆ.