ಶೇ 100ಕ್ಕೆ ಸಹಿ ಹಾಕುವ ಮೊದಲು

"ಹರ್ ಘರ್ ಜಲ್ ಘೋಷಣೆಗೆ ಏನು ತಡೆ, ಪಿಡಿಒ ಅವರೇ?" ಪ್ರತಿ ವಿ.ಸಿ.ಯಲ್ಲಿಯೂ (ವಿಡಿಯೊ ಕಾನ್ಫರೆನ್ಸ್) ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾದ ನನಗೆ ಈ ಪ್ರಶ್ನೆ ಬರುತ್ತದೆ. ಊರಿನ ಎಲ್ಲ ಮನೆಗಳಿಗೂ ನಲ್ಲಿ ನೀರು ಬಂದಿದೆ ಎಂದು ಸಾರುವುದೇ ಆ ಘೋಷಣೆ. ಉತ್ತರಿಸಲು ಸಿಗುವುದು ಅರ್ಧ ನಿಮಿಷ, ಅಷ್ಟರಲ್ಲಿ ಮುಂದಿನ ಪಂಚಾಯಿತಿಯನ್ನು ಕರೆಯುತ್ತಾರೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸೇರಿದ ಪಿಡಿಒಗಳಿಗೂ ಕಾರ್ಯದರ್ಶಿಗಳಿಗೂ ಉಪಯೋಗವಾದೀತು.

ಹಳ್ಳಿ ಬಯಲುಸೀಮೆಯದು, ಕೊಳವೆ ಬಾವಿಯೇ ಗತಿ. ಜಲ ಜೀವನ್ ಮಿಷನ್ (ಜೆಜೆಎಂ) ಯೋಜನೆಯಲ್ಲಿ ಪೈಪು ಹಾಸಿ, ಮನೆ ಮನೆಗೆ ನಲ್ಲಿ ನಿಲ್ಲಿಸಿ ಆಗಿತ್ತು. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವೂ ಕೈಗೆ ಬಂದಿತ್ತು. ಅದನ್ನು ಗ್ರಾಮಸಭೆಯಲ್ಲಿ ಓದಿ, ನಿರ್ಣಯ ಬರೆದು, ವಿಡಿಯೊ ಅಪ್‌ಲೋಡ್ ಮಾಡಿದರೆ ಹಳ್ಳಿ ಪ್ರಮಾಣೀಕೃತ. ತಕರಾರು ಬಂದರೆ ಅಗೆದು ಹಾಗೆಯೇ ಬಿಟ್ಟ ಸಿಸಿ ರಸ್ತೆಯ ಬಗ್ಗೆ ಬರುತ್ತದೆ ಎಂದು ಎಣಿಸಿ ಕಾಮಗಾರಿಯ ಅಳತೆ ಪುಸ್ತಕದ (ಎಂ.ಬಿ.) ನಕಲು, ಫೋಟೊಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ನೀರಿನ ಪರೀಕ್ಷಾ ವರದಿ ಕಡತದಲ್ಲೇ ಇತ್ತು. ಮಳೆಗಾಲದ ಕೊನೆಗೆ ತೆಗೆದ ಮಾದರಿ, ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮಿತಿಯೊಳಗೆ. ಅದರ ಬಗ್ಗೆ ಯಾರು ಕೇಳುತ್ತಾರೆ ಎನಿಸಿತ್ತು.

ಪ್ರಮಾಣಪತ್ರ ಓದಿ ಮುಗಿಸುತ್ತಿದ್ದಂತೆ ಹಿಂದಿನ ಸಾಲಿನಿಂದ ಸ್ವಸಹಾಯ ಸಂಘದ ಮಹಿಳೆಯೊಬ್ಬರು ಎದ್ದು ಬಂದರು. ಊರಲ್ಲೇ ನೀರು ಪರೀಕ್ಷಿಸುವ ಕಿಟ್‌ನ (ಎಫ್‌ಟಿಕೆ) ತರಬೇತಿ ಪಡೆದ ಐವರಲ್ಲಿ ಅವರೂ ಒಬ್ಬರು. ಕಿಟ್ ತೆರೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ತಮ್ಮ ನಲ್ಲಿಯಲ್ಲಿ ಹಿಡಿದ ನೀರನ್ನು ಗಾಜಿನ ಕೊಳವೆಯ ಗೆರೆಯವರೆಗೆ ತುಂಬಿಸಿ, ದ್ರಾವಣ ಬೆರೆಸಿ ಅಲುಗಾಡಿಸಿದರು. ಫ್ಲೋರೈಡ್ ಮಿತಿಯೊಳಗಿದ್ದರೆ ಗುಲಾಬಿ ಬಣ್ಣ ಉಳಿಯುತ್ತದೆ. ಉಳಿಯಲಿಲ್ಲ. ನಾವು ನೋಡುತ್ತಿದ್ದಂತೆ ಹಳದಿಗೆ ತಿರುಗಿತು. ಕೊಳವೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು, "ಇದು ಒಂದೂವರೆಯ ಆಚೆ ಇದೆ ಸರ್. ನೀವು ಓದಿದ ಕಾಗದದಲ್ಲಿ ಇದು ಎಲ್ಲಿದೆ?" ಎಂದರು.

ನೋಡಲ್ ಅಧಿಕಾರಿ ನನ್ನತ್ತ ಬಾಗಿ, "ಪ್ರಮಾಣಪತ್ರ ಇರುವುದು ಸಂಪರ್ಕಕ್ಕೆ, ಗುಣಮಟ್ಟ ಬೇರೆ ವಿಷಯ, ನಿರ್ಣಯ ಬರೆದುಬಿಡಿ" ಎಂದರು. ಎಂಜಿನಿಯರ್, "ಕಿಟ್ ಹೇಳುವುದು ಅಂದಾಜು, ಲ್ಯಾಬ್ ವರದಿಯೇ ಅಂತಿಮ" ಎಂದರು. ಎರಡೂ ಸುಳ್ಳಲ್ಲ, ಕಷ್ಟವಿದ್ದದ್ದೇ ಅಲ್ಲಿ. ಗಲಾಟೆಯಾಗಿದ್ದರೆ ಸಭೆ ಮುಂದೂಡಬಹುದಿತ್ತು. ಯಾರೂ ದನಿ ಎತ್ತಲಿಲ್ಲ. ಅಧ್ಯಕ್ಷೆ ನನ್ನ ಮುಖ ನೋಡಿದರು. ನಡವಳಿ ಪುಸ್ತಕ ತೆರೆದಿತ್ತು, ಮೊಬೈಲಿನಲ್ಲಿ ವಿಡಿಯೊ ಓಡುತ್ತಿತ್ತು, ಮುಂದಿನ ಸಾಲಿನ ಹುಡುಗರ ಹಲ್ಲುಗಳ ಮೇಲಿನ ಕಂದು ಗೆರೆಗಳು ನನಗೆ ಕಾಣುತ್ತಿದ್ದವು. ಕುದಿಸಿದರೂ ಹೋಗದ ಫ್ಲೋರೈಡ್ ಅದು.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ನಮಗೆಲ್ಲ ಸುಸ್ಥಿರ ಅಭಿವೃದ್ಧಿ ಗುರಿಗಳ ತರಬೇತಿ ಆಗಿದೆ. ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಹೆಸರಾದ ಮಂತ್ರಿಯ ಹೆಸರಿನ ಸಂಸ್ಥೆ ಅದು. ನೀರು, ನೈರ್ಮಲ್ಯದ ಗುರಿ 6ರ ಮೊದಲ ಅಂಶ ಕೇಳುವುದು ನಲ್ಲಿಯನ್ನಷ್ಟೇ ಅಲ್ಲ. ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಕಲುಷಿತವಾಗಿರಬಾರದು. ಮೂರೂ ಕೂಡಿದರೆ ಮಾತ್ರ ಲೆಕ್ಕ. ನಮ್ಮಲ್ಲಿ ಒಂದು ಆಗಿತ್ತು.

ಕೊನೆಗೆ ಅಧ್ಯಕ್ಷೆಯ ಒಪ್ಪಿಗೆ ಪಡೆದು ಬರೆದೆ: ಎಲ್ಲ ಮನೆಗಳಿಗೂ ಸಂಪರ್ಕ ಆಗಿರುವುದನ್ನು ಸಭೆ ದಾಖಲಿಸುತ್ತದೆ, ಇಂದು ಸಭೆಯ ಮುಂದೆ ನಡೆದ ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಕಂಡಿದೆ, ಬೇಸಿಗೆ ಮಾದರಿಯ ಲ್ಯಾಬ್ ವರದಿ ಬರುವವರೆಗೆ ಘೋಷಣೆ ಬೇಡ. ನೋಡಲ್ ಅಧಿಕಾರಿ ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು.

ಈ ಯೋಜನೆಯನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಕೋಪ ಬರುತ್ತದೆ. 2019ರ ಆಗಸ್ಟ್‌ನಲ್ಲಿ ದೇಶದ 3.23 ಕೋಟಿ ಗ್ರಾಮೀಣ ಮನೆಗಳಿಗಷ್ಟೇ ನಲ್ಲಿ ಇತ್ತು, ಈಗ 15 ಕೋಟಿ ದಾಟಿದೆ. ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕದಲ್ಲಿ 2018ರಲ್ಲಿ 57 ಇದ್ದ ದೇಶದ ಅಂಕ 2023-24ರಲ್ಲಿ 71ಕ್ಕೆ ಏರಿದೆ. ಗುರಿ 6ರದ್ದು 63ರಿಂದ 89ಕ್ಕೆ. ಕೊಡ ಹೊತ್ತು ಸವೆದ ಸೊಂಟಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಈ ಗುರಿಗಳನ್ನು 2030ರೊಳಗೆ ಮುಟ್ಟುವುದಾಗಿ ಭಾರತ ಕೊಟ್ಟ ಮಾತನ್ನು ನಾನು ನಮ್ಮ ಕಚೇರಿಯ ಮಾತೆಂದೇ ತಿಳಿದಿದ್ದೇನೆ. 2017, 2020, 2025ರಲ್ಲಿ ದೇಶ ಅಲ್ಲಿ ಸ್ವಯಂಪ್ರೇರಿತ ವರದಿ ಒಪ್ಪಿಸಿತು. ಅಂತಹ ವರದಿಗಳ ಕೆಳಗಿನ ಅಂಕಿಗಳು ನಮ್ಮಂಥವರ ಸಹಿಯಿಂದಲೇ ಹೊರಡುವುದು.

ನನ್ನ ದೂರು ಕೋಷ್ಟಕಗಳ ಮೇಲೆ. ಸಂಪರ್ಕದ ಸಂಖ್ಯೆ ಒಂದು ಪೋರ್ಟಲ್‌ಗೆ, ಗುಣಮಟ್ಟ ಡಬ್ಲ್ಯುಕ್ಯುಎಂಐಎಸ್ ಎಂಬ ಇನ್ನೊಂದು ಪೋರ್ಟಲ್‌ಗೆ, ಲಾಗಿನ್ ಬೇರೆ, ಹೊಣೆಗಾರರು ಬೇರೆ. ವಿ.ಸಿ.ಯಲ್ಲಿ ತೆರೆಯ ಮೇಲೆ ಬರುವುದು ಮೊದಲನೆಯದು ಮಾತ್ರ. ಆ ಚೌಕದೊಳಗೆ ಅಂಕಿ ಬಿಟ್ಟು ಇನ್ನೇನೂ ಹಿಡಿಯುವುದಿಲ್ಲ. ಪಂಚಾಯಿತಿ ತನ್ನ ಮಾತನ್ನು ಪೂರ್ತಿ ವಾಕ್ಯದಲ್ಲಿ ಹೇಳಲು ಉಳಿದಿರುವ ಜಾಗ ನಡವಳಿ ಒಂದೇ. ಅದನ್ನು "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಮುಗಿಸಿಬಿಡಬೇಡಿ.

ಬೇಸಿಗೆಯ ವರದಿ ಬಂತು, ಕಿಟ್ ಹೇಳಿದ್ದೇ ನಿಜವಾಯಿತು. ಅಂತರ್ಜಲ ಇಳಿದಂತೆ ಫ್ಲೋರೈಡ್ ಏರುವುದು ನಮ್ಮ ಕಡೆ ಹೊಸತಲ್ಲ. ಮಾದರಿಯನ್ನು ಏಪ್ರಿಲ್, ಮೇ ತಿಂಗಳಲ್ಲೇ ತೆಗೆಸಿ. ಟ್ಯಾಂಕಿಗೆ ಎರಡು ಕೊಳವೆ ಬಾವಿಗಳ ನೀರು ಬರುತ್ತಿತ್ತು. ಕೆಟ್ಟದ್ದು ಯಾವುದು ಎಂದು ನಮ್ಮ ನೀರುಗಂಟಿಗೆ ಮೊದಲಿನಿಂದ ಗೊತ್ತಿತ್ತು, ಅವರನ್ನು ಕೇಳಿದವರೇ ಇರಲಿಲ್ಲ. ಅದನ್ನು ನಿಲ್ಲಿಸಿದೆವು. ಈಗ ನೀರು ಪರವಾಗಿಲ್ಲ, ಆದರೆ ತಲೆಗೆ 55 ಲೀಟರ್ ಮುಟ್ಟುತ್ತಿಲ್ಲ, ಕೊನೆಯ ಬೀದಿಗೆ ದಿನ ಬಿಟ್ಟು ದಿನ ಬಿಡುತ್ತಿದ್ದೇವೆ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಸೇರಿಸಲು ಕಳಿಸಿದ ಪ್ರಸ್ತಾವನೆಗೆ ಆ ನಿರ್ಣಯವನ್ನೇ ಲಗತ್ತಿಸಿದ್ದೇವೆ. ಆಕ್ಷೇಪಣೆಯಿಲ್ಲದೆ ಜಿಲ್ಲೆ ದಾಟಿದೆ.

ಮುಂದಿನ ಗ್ರಾಮಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಸೂಚ್ಯಂಕದ ಅಂಕಿಗಳನ್ನು ಮಂಡಿಸಬೇಕಿದೆ. ನೀರಿನ ಭಾಗವನ್ನು ಪಿಡಿಒ ಓದುವುದು ಬೇಡ, ಕಿಟ್ ಹಿಡಿದ ಐವರೇ ಓದಲಿ ಎಂದು ಅಧ್ಯಕ್ಷೆ ಸಭಾ ಸೂಚನಾ ಪತ್ರದಲ್ಲೇ ಸೇರಿಸಿದ್ದಾರೆ.