ಉಸಿರು ಎಣಿಸಿದವರು

ನಿನ್ನೆ ಜಯನಗರದ ಆಸ್ಪತ್ರೆಯಲ್ಲಿ ಅಪ್ಪನ ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದ ನೀರನ್ನು ತೆಗೆದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಸುಮಾರು ಒಂದು ಲೀಟರ್. ಇನ್ನೂ ಸ್ವಲ್ಪ ಉಳಿದಿದೆಯಂತೆ. ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರೊಳಗೇ ನೀರು ತುಂಬುವ ಅಪಾಯವಿರುವುದರಿಂದ ಅಷ್ಟಕ್ಕೇ ನಿಲ್ಲಿಸಿದರು.

ಸೂಜಿಯ ಕೆಲಸ ಬೇಗ ಮುಗಿಯಿತು. ಕಾವಲು ಶುರುವಾದದ್ದು ಆಮೇಲೆ. ಮೊದಲ ಒಂದು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಸಿಸ್ಟರ್ ಬಂದರು. ರಕ್ತದೊತ್ತಡ, ನಾಡಿ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಮ್ಲಜನಕ. ನಾಡಿ ನೋಡಿ ಮುಗಿದರೂ ಅವರು ಅಪ್ಪನ ಮಣಿಕಟ್ಟು ಬಿಡಲಿಲ್ಲ. ಕಣ್ಣು ಮಾತ್ರ ಎದೆಯ ಮೇಲಿತ್ತು. ಹೊರಗೆ ಬಂದಾಗ ಕೇಳಿದೆ. "ಉಸಿರು ಎಣಿಸುತ್ತಿದ್ದೆ. ಗೊತ್ತಾದರೆ ಉಸಿರಾಟದ ಲಯವೇ ಬದಲಾಗುತ್ತದೆ" ಎಂದರು. ಎಂಥ ಸೂಕ್ಷ್ಮ!

ಬೆನ್ನಿನ ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿ ಒದ್ದೆಯಾಗಿದೆಯೇ ಎಂದು ನೋಡಿದರು. ಕೆಮ್ಮು ಹೆಚ್ಚಾದರೆ, ಎದೆ ಚುಚ್ಚಿದಂತಾದರೆ, ಏದುಸಿರು ಬಂದರೆ ತಕ್ಷಣ ಕರೆಯಬೇಕೆಂದು ನನಗೆ ಎರಡು ಸಲ ಹೇಳಿದರು. ಶ್ವಾಸಕೋಶದ ಹೊರಗೆ ಗಾಳಿ ಸೇರಿಲ್ಲವೆಂದು ಎಕ್ಸ್-ರೇ ತೋರಿಸಿದ ಮೇಲೆಯೇ ಅವರ ಮುಖ ಸಡಿಲವಾದದ್ದು.

ವಾರದಿಂದ ಕುಳಿತೇ ತೂಕಡಿಸುತ್ತಿದ್ದ ಅಪ್ಪ ರಾತ್ರಿ ಒರಗಿ ಮಲಗಿ ನಿದ್ದೆ ಮಾಡಿದರು. ಪಾಳಿ ಮುಗಿದು ಬನಶಂಕರಿಯ ಬಸ್ಸಿಗೆ ಹೊರಟಿದ್ದ ಸಿಸ್ಟರ್, ಕೈಚೀಲ ಹೆಗಲಲ್ಲಿರುವಾಗಲೇ ಇನ್ನೊಮ್ಮೆ ಬಂದು ಪಟ್ಟಿ ನೋಡಿ ಹೋದರು. ವೈದ್ಯರ ಹೆಸರು ಫೈಲಿನ ಮೇಲಿದೆ. ಇವರ ಹೆಸರನ್ನು ನಾನು ಕೇಳಲೇ ಇಲ್ಲ. ಇಂದು ಸಂಜೆ ಬಂದಾಗ ಕೇಳುತ್ತೇನೆ.